ಬೇಗ ಕಣ್ಣು ತುಂಬಿಕೊಳ್ಳುವವರು ಮಾನವ ಸೇವೆಗಳ ಕೋರ್ಸ್ ಓದಬಹುದೇ?

ನೀವು ಕೇಳಿರುವುದು ಮೂರು ಸಂಗತಿ. ಮಾನವ ಸೇವೆಗಳ, ಅಂದರೆ ಕಷ್ಟದಲ್ಲಿರುವವರಿಗೆ ನೆರವಾಗುವ ಕೆಲಸಗಳ ಕೋರ್ಸಿನಲ್ಲಿ ನಿಜಕ್ಕೂ ಏನು ಕಲಿಸುತ್ತಾರೆ, ಸೇರುವ ಮೊದಲು ಹೇಗೆ ತಯಾರಾಗಬೇಕು, ಬೇರೆಯವರ ಕಷ್ಟ ಕೇಳಿದರೆ ಬೇಗ ಕಣ್ಣು ತುಂಬಿಕೊಳ್ಳುವ ನಿಮಗೆ ಈ ಕೆಲಸ ಒಗ್ಗುತ್ತದೆಯೇ. ಕೊನೆಯದರಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮನ್ನು ಕಾಡುತ್ತಿರುವುದು ಅದೇ ಅನ್ನಿಸಿತು.

ಒಗ್ಗುತ್ತದೆ. ಸಮಾಜಕಾರ್ಯದ ಪ್ರಾಧ್ಯಾಪಕ ಫೆಲಿಕ್ಸ್ ಬೀಸ್ಟೆಕ್ 1957ರಲ್ಲಿ ಕೇಸ್‌ವರ್ಕಿಗೆ, ಅಂದರೆ ಒಬ್ಬೊಬ್ಬರ ಜೊತೆ ಕೂತು ಅವರ ಕಷ್ಟಕ್ಕೆ ನೆರವಾಗುವ ಕೆಲಸಕ್ಕೆ ಹೇಳಿದ 7 ತತ್ವಗಳಲ್ಲಿ ಒಂದು ಇದರ ಬಗ್ಗೆಯೇ ಇದೆ: ಎದುರಿನವರ ಭಾವನೆಯಲ್ಲಿ ಪಾಲ್ಗೊಳ್ಳಬೇಕು, ಆದರೆ ಲಗಾಮು ನಮ್ಮ ಕೈಯಲ್ಲಿರಬೇಕು. ಲಗಾಮು ಹಿಡಿಯುವುದನ್ನು ಕಲಿಸಬಹುದು. ಮನಸ್ಸೇ ಕರಗದವರಿಗೆ ಕರಗುವುದನ್ನು ಕಲಿಸುವುದು ಕಷ್ಟ. ಹೊಸಬರು ಹೆಚ್ಚಾಗಿ ಎಡವುವ ಜಾಗವೇ ಬೇರೆ: ಕಷ್ಟ ಕೇಳಿದ ಕೂಡಲೇ ಪರಿಹಾರ ಹೇಳಿಬಿಡುವ ಅವಸರ. ಅದನ್ನು ಬಿಡಿಸುವುದಕ್ಕೇ ಕೋರ್ಸಿನಲ್ಲಿ ಸಾಕಷ್ಟು ಕಾಲ ಹೋಗುತ್ತದೆ.

ಸೇರುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಮಾನವ ಸೇವೆಗಳು, ಸಮಾಜಕಾರ್ಯ, ಆಪ್ತಸಮಾಲೋಚನೆ, ಮನಶ್ಶಾಸ್ತ್ರ ಇವು ಅಕ್ಕಪಕ್ಕದ ಮನೆಗಳಿದ್ದ ಹಾಗೆ, ಬಾಗಿಲುಗಳು ಬೇರೆ ಬೇರೆ. ಮಾನವ ಸೇವೆಗಳ ಪದವಿ ಹಲವು ಕೆಲಸಗಳಿಗೆ ಬುನಾದಿ ಹಾಕಿಕೊಡುತ್ತದೆ: ಪುನರ್ವಸತಿ ಕೇಂದ್ರ, ವೃದ್ಧರ ಆರೈಕೆ, ಮಕ್ಕಳ ರಕ್ಷಣೆ, ಅಂಗವಿಕಲರ ಸೇವೆ, ವ್ಯಸನಮುಕ್ತಿ, ಆಶ್ರಯಧಾಮ. ಆದರೆ ಅದೊಂದೇ ಪದವಿಯಿಂದ ಮನೋಚಿಕಿತ್ಸಕರಾಗಲು ಆಗುವುದಿಲ್ಲ. ಪರವಾನಗಿ ಬೇಕಾದ ಹುದ್ದೆ ನಿಮ್ಮ ಮನಸ್ಸಿನಲ್ಲಿದ್ದರೆ, ಪರವಾನಗಿ ಕೊಡುವವರು ಯಾವ ಪದವಿ ಕೇಳುತ್ತಾರೆ, ಎಷ್ಟು ಗಂಟೆ ಮೇಲ್ವಿಚಾರಣೆಯಡಿ ಕೆಲಸ ಮಾಡಿರಬೇಕು ಎಂದು ಅವರ ನಿಯಮದಲ್ಲೇ ಓದಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಕೋರ್ಸ್ ಆರಿಸಿ. ಕಾಲೇಜಿನ ಕರಪತ್ರ ನೋಡಿ ಸೇರಿ, ಮೂರು ವರ್ಷದ ನಂತರ ಇದನ್ನು ತಿಳಿದುಕೊಳ್ಳುವವರು ತುಂಬಾ ಜನ.

ತರಗತಿಯ ಪಾಠಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಾನವ ವಿಕಾಸ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಸಾಮಾಜಿಕ ನೀತಿ, ಕಾನೂನು, ಗುಂಪು ಕಾರ್ಯ, ಸಮುದಾಯ ಸಂಘಟನೆ, ಸಂಶೋಧನಾ ವಿಧಾನ. ಸಂಖ್ಯಾಶಾಸ್ತ್ರವನ್ನು ಮಾತ್ರ ತಾತ್ಸಾರ ಮಾಡಬೇಡಿ. 'ಶಿಬಿರಕ್ಕೆ 200 ಜನ ಬಂದರು' ಎಂಬುದು ಹಾಜರಿ, ಫಲಿತಾಂಶವಲ್ಲ. ಅವರಲ್ಲಿ ಯಾರ ಬದುಕಿನಲ್ಲಿ ಏನು ಬದಲಾಯಿತು ಎಂದು ಅಳೆಯಲು ಬಾರದ ಸಂಸ್ಥೆಗೆ ತಾನು ಮಾಡುತ್ತಿರುವುದು ಉಪಕಾರವೋ ಅಪಕಾರವೋ ತಿಳಿಯುವುದಿಲ್ಲ.

ಕೋರ್ಸಿನ ತೂಕ ಇರುವುದು ಕ್ಷೇತ್ರಕಾರ್ಯದಲ್ಲಿ, ಅಂದರೆ ಒಂದು ಸಂಸ್ಥೆಯಲ್ಲಿ ಮೇಲ್ವಿಚಾರಕರ ಕೈಕೆಳಗೆ ಜನರ ಜೊತೆ ನಿಜವಾಗಿ ಕೆಲಸ ಮಾಡಿ ಕಲಿಯುವುದರಲ್ಲಿ. ಅಮೆರಿಕದಲ್ಲಿ ಮಾನ್ಯತೆ ಪಡೆದ ಸಮಾಜಕಾರ್ಯ ಕೋರ್ಸುಗಳಿಗೆ ಪದವಿ ಮಟ್ಟದಲ್ಲಿ ಕನಿಷ್ಠ 400 ಗಂಟೆ, ಸ್ನಾತಕೋತ್ತರ ಮಟ್ಟದಲ್ಲಿ 900 ಗಂಟೆ ಕ್ಷೇತ್ರಕಾರ್ಯ ಕಡ್ಡಾಯ. ನೀವು ನೋಡುತ್ತಿರುವ ಕೋರ್ಸನ್ನು ಈ ಅಳತೆಗೆ ಹಿಡಿದು ನೋಡಿ. ಗಂಟೆಗಿಂತ ಮುಖ್ಯವಾದದ್ದು, ಆ ಗಂಟೆಗಳಲ್ಲಿ ಏನು ಮಾಡಿಸುತ್ತಾರೆ ಅನ್ನುವುದು. ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಹಿಡಿದು ಕೇಳಿ: ಮೇಲ್ವಿಚಾರಕರು ವಾರಕ್ಕೊಮ್ಮೆ ಕನಿಷ್ಠ ಒಂದು ಗಂಟೆ ಕೂತು ಮಾತಾಡುತ್ತಾರಾ? ನೀವು ಬರೆದದ್ದನ್ನು ಓದಿ ಟಿಪ್ಪಣಿ ಹಾಕುತ್ತಾರಾ, ಬರೀ ಸಹಿ ಹಾಕುತ್ತಾರಾ? ಕ್ಷೇತ್ರಕಾರ್ಯ ಕೆಡುವುದು ಎರಡು ರೀತಿಯಲ್ಲಿ. ಒಂದು ಕಡೆ ವಿದ್ಯಾರ್ಥಿಯನ್ನು ಫೈಲ್ ಜೋಡಿಸಲು, ಬ್ಯಾನರ್ ಕಟ್ಟಲು ಇಟ್ಟುಕೊಳ್ಳುತ್ತಾರೆ. ಇನ್ನೊಂದು ಕಡೆ ಮೊದಲ ವಾರವೇ ಒಬ್ಬರನ್ನೇ ಮನೆಭೇಟಿಗೆ ಅಟ್ಟುತ್ತಾರೆ. ಎರಡನೆಯದು ಅಪಾಯ. ಮನೆಭೇಟಿಗೆ ಹೋಗುವಾಗ ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಕಚೇರಿಯಲ್ಲಿ ಬರೆದಿಡಬೇಕು, ಫೋನ್ ಚಾರ್ಜ್ ಇರಬೇಕು, ಒಳಗೆ ಹೊರಬಾಗಿಲ ದಾರಿ ತೆರೆದಿರುವ ಕಡೆ ಕೂರಬೇಕು, ಹೇಳಿದ ಹೊತ್ತಿಗೆ ನೀವು ಬಾರದಿದ್ದರೆ ಯಾರು ಫೋನ್ ಮಾಡುತ್ತಾರೆ ಎಂಬುದು ಮೊದಲೇ ಗೊತ್ತಾಗಿರಬೇಕು. ಇಷ್ಟನ್ನೂ ಹೇಳಿಕೊಡದೆ ಕಳಿಸಿದರೆ 'ಹೋಗಲ್ಲ' ಎನ್ನುವುದು ತಪ್ಪಲ್ಲ.

ಇನ್ನು ಮಾತು ಕೇಳುವ ಕಲೆ. ಅದನ್ನು ಒಂದು ಉದಾಹರಣೆಯಲ್ಲಿ ನೋಡಿ. ಒಬ್ಬ ತಾಯಿ ಬಂದು ಹೇಳುತ್ತಾರೆ: "ಮಗ ಮೂರು ವಾರದಿಂದ ಸ್ಕೂಲಿಗೆ ಹೋಗ್ತಿಲ್ಲ. ಏನು ಹೇಳಿದ್ರೂ ಕೇಳಲ್ಲ. ನನಗೂ ಸಾಕಾಗಿಹೋಗಿದೆ."

ಹೊಸ ವಿದ್ಯಾರ್ಥಿಯ ಬಾಯಿಗೆ ಮೊದಲು ಬರುವುದು "ನೀವ್ಯಾಕೆ ಟೀಚರ್ ಹತ್ರ ಮಾತಾಡ್ಲಿಲ್ಲ?" ಸಂಕಟದಲ್ಲಿರುವವರ ಕಿವಿಗೆ 'ಯಾಕೆ' ಎಂಬ ಪದ ಆರೋಪವಾಗಿಯೇ ಕೇಳಿಸುತ್ತದೆ, ಅವರು ಸಮರ್ಥನೆಗೆ ಇಳಿಯುತ್ತಾರೆ. ಇಲ್ಲವೇ "ಚಿಂತೆ ಮಾಡಬೇಡಿ, ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ನಮಗೆ ಗೊತ್ತಿಲ್ಲದ ಭವಿಷ್ಯದ ಬಗ್ಗೆ ಮಾತು ಕೊಟ್ಟಂತಾಯಿತು, ಹೇಳುವವರ ಬಾಯಿಯೂ ಮುಚ್ಚಿತು. ಕಲಿತವರು ಹೀಗೆ ಹೇಳುತ್ತಾರೆ: "ಮೂರು ವಾರದಿಂದ ಇದನ್ನ ಒಬ್ಬರೇ ಹೊತ್ತು ದಣಿದಿದ್ದೀರಿ." ಹೇಳಿ ಸುಮ್ಮನಾಗುತ್ತಾರೆ. ಐದೋ ಹತ್ತೋ ಸೆಕೆಂಡಿನ ಮೌನ. ಆಮೇಲೆ: "ಮೊದಲ ಸಲ ಹೋಗದೇ ಇದ್ದ ದಿನ ಬೆಳಿಗ್ಗೆ ಏನೇನಾಯ್ತು, ಹೇಳ್ತೀರಾ?"

"ಯೂನಿಫಾರ್ಮ್ ಹಾಕ್ಕೊಂಡಿದ್ದ. ಗೇಟಿನ ತನಕ ಹೋದ. ವಾಪಸ್ ಬಂದು ಹೊಟ್ಟೆನೋವು ಅಂದ."

ಹಟಮಾರಿ ಹುಡುಗನ ಕಥೆ ಇಲ್ಲಿ ತಿರುಗಿತು. ಯೂನಿಫಾರ್ಮ್ ಹಾಕಿಕೊಂಡವನಿಗೆ ಹೋಗುವ ಮನಸ್ಸಿತ್ತು. ಗೇಟಿನಾಚೆ ಏನೋ ಇದೆ. 'ಯಾಕೆ' ಎಂದು ಕೇಳಿದ್ದರೆ ಈ ಗೇಟು ಮಾತಿನಲ್ಲಿ ಬರುತ್ತಲೇ ಇರಲಿಲ್ಲ.

ಅವರು ಹೇಳಿದ್ದನ್ನೇ ಅದರ ಭಾವದೊಂದಿಗೆ ಅವರಿಗೆ ಮರಳಿಸುವುದಕ್ಕೆ ಪ್ರತಿಫಲನ ಎನ್ನುತ್ತಾರೆ. ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ 1983ರಲ್ಲಿ ಮೊದಲು ವಿವರಿಸಿ, ಆಮೇಲೆ ಸ್ಟೀಫನ್ ರಾಲ್ನಿಕ್ ಜೊತೆ ಬೆಳೆಸಿದ ಪ್ರೇರಣಾ ಸಂದರ್ಶನ ವಿಧಾನದಲ್ಲಿ (ಬದಲಾಗಬೇಕೆಂಬ ಮನಸ್ಸನ್ನು ಮಾತಿನ ಮೂಲಕ ಅವರೊಳಗಿಂದಲೇ ಹೊರತರುವ ವಿಧಾನ) ಇದಕ್ಕೊಂದು ಅಳತೆಯೇ ಇದೆ: ಒಂದು ಪ್ರಶ್ನೆಗೆ ಎರಡು ಪ್ರತಿಫಲನ ಇದ್ದರೆ ಚೆನ್ನ, ಒಂದಕ್ಕೊಂದು ಇದ್ದರೆ ಪರವಾಗಿಲ್ಲ. ಹೊಸಬರ ಸಂದರ್ಶನ ಎಣಿಸಿ ನೋಡಿದರೆ ಪ್ರಶ್ನೆಗಳ ಸಾಲೇ ಇರುತ್ತದೆ.

ಇದನ್ನು ತಿದ್ದುವ ಸಾಧನ ಪ್ರೊಸೆಸ್ ರೆಕಾರ್ಡಿಂಗ್, ಅಂದರೆ ನಡೆದ ಮಾತುಕತೆಯನ್ನು ನೆನಪಿನಿಂದ ಬರೆದಿಡುವುದು. ಹಾಳೆಯಲ್ಲಿ ನಾಲ್ಕು ಕಾಲಂ: ಅವರು ಅಂದದ್ದೂ ನಾನಂದದ್ದೂ ಇದ್ದಹಾಗೇ, ಆ ಕ್ಷಣ ನನಗೇನನ್ನಿಸಿತು, ಯಾವ ಕೌಶಲ ಬಳಸಿದೆ ಅಥವಾ ಬಳಸಬೇಕಿತ್ತು, ಮೇಲ್ವಿಚಾರಕರ ಮಾತು. ಇಡೀ ಭೇಟಿಯನ್ನು ಬರೆಯುವುದು ಬೇಡ, 10–15 ನಿಮಿಷದ ಮಾತು ಸಾಕು. ಅಷ್ಟಕ್ಕೇ ಎರಡು ಗಂಟೆ ಹಿಡಿಯುತ್ತದೆ. ಅದೇ ದಿನ ಬರೆಯಿರಿ, ಮಾರನೇ ದಿನಕ್ಕೆ ನೆನಪು ನಿಮ್ಮನ್ನು ಜಾಣರನ್ನಾಗಿ ಮಾಡಿಬಿಟ್ಟಿರುತ್ತದೆ. ವಿದ್ಯಾರ್ಥಿಗಳು ಮಾಡುವ ದೊಡ್ಡ ತಪ್ಪೆಂದರೆ ಎಡವಿದ ವಾಕ್ಯವನ್ನು ಒರೆಸಿ ಚೆಂದ ಮಾಡಿ ಒಪ್ಪಿಸುವುದು. ಮೇಲ್ವಿಚಾರಕರಿಗೆ ಬೇಕಿರುವುದೇ ಆ ವಾಕ್ಯ. ಕಣ್ಣು ತುಂಬಿಕೊಂಡ ಕ್ಷಣವನ್ನೂ ಎರಡನೇ ಕಾಲಂನಲ್ಲಿ ಬರೆಯಿರಿ. ಯಾರ ಮಾತಿಗೆ, ಯಾವ ಪದಕ್ಕೆ ತುಂಬಿತು ಎಂದು ನಾಲ್ಕೈದು ಸಲ ಬರೆದರೆ ಸಾಮಾನ್ಯವಾಗಿ ಒಂದು ಎಳೆ ಕಾಣುತ್ತದೆ, ಅದು ಹೆಚ್ಚಾಗಿ ನಿಮ್ಮದೇ ಬದುಕಿನದ್ದಾಗಿರುತ್ತದೆ. ಅಂಥ ನೋವು ಇನ್ನೂ ಹಸಿಯಾಗಿದ್ದರೆ ಮೊದಲು ನೀವೇ ಒಬ್ಬ ಆಪ್ತಸಮಾಲೋಚಕರ ಬಳಿ ಹೋಗಿ. ಈ ವೃತ್ತಿಯಲ್ಲಿ ಅದು ಕುಂದಲ್ಲ, ತಯಾರಿ.

ಕೇಸ್ ಫೈಲಿನ ಬರವಣಿಗೆ ಬೇರೆ ಬಗೆ. 'ತಾಯಿ ಬೇಜವಾಬ್ದಾರಿ, ಮನೆ ಗಲೀಜು' ಎಂದು ಬರೆದರೆ ಅದು ನಿಮ್ಮ ತೀರ್ಪು. 'ಬೆಳಿಗ್ಗೆ 10:40ಕ್ಕೆ ಭೇಟಿ. ಅಡುಗೆಮನೆಯಲ್ಲಿ ತೊಳೆಯದ ಪಾತ್ರೆ. ರಾತ್ರಿ ಪಾಳಿ ಮುಗಿಸಿ 8ಕ್ಕೆ ಬಂದೆ ಎಂದು ತಾಯಿ ಹೇಳಿದರು' ಎಂದು ಬರೆದರೆ ಮಾಹಿತಿ. ಅವರು ಹೇಳಿದ್ದು, ನೀವು ಕಂಡದ್ದು, ನಿಮ್ಮ ಅಂದಾಜು, ಮುಂದಿನ ಹೆಜ್ಜೆ, ಈ ನಾಲ್ಕನ್ನು ಬೆರೆಸಬೇಡಿ. ನಿಮ್ಮ ನಂತರ ಬರುವ ಕಾರ್ಯಕರ್ತರು ಆ 'ಬೇಜವಾಬ್ದಾರಿ'ಯನ್ನು ಓದಿಕೊಂಡೇ ಆ ಮನೆಗೆ ಹೋಗುತ್ತಾರೆ. ಒಂದು ಪದ ಒಂದು ಕುಟುಂಬದ ಬೆನ್ನಿಗೆ ವರ್ಷಗಟ್ಟಲೆ ಅಂಟಿಕೊಳ್ಳುತ್ತದೆ.

ಗೋಪ್ಯತೆಯ ಮಿತಿಯನ್ನು ಮೊದಲ ಐದು ನಿಮಿಷದಲ್ಲೇ ಹೇಳಿ, ಅವರು ಕಥೆ ಶುರು ಮಾಡುವ ಮೊದಲು: ಅವರ ಜೀವಕ್ಕೆ ಅಪಾಯ, ಇನ್ನೊಬ್ಬರ ಜೀವಕ್ಕೆ ಅಪಾಯ, ಮಗುವಿನ ಮೇಲೆ ದೌರ್ಜನ್ಯ, ನ್ಯಾಯಾಲಯದ ಆದೇಶ. ಇಂಥ ಸಂದರ್ಭ ಬಂದರೆ ಮೇಲಿನವರಿಗೆ ತಿಳಿಸಬೇಕಾಗುತ್ತದೆ. ನಿಖರವಾದ ನಿಯಮ ಆಯಾ ಕಡೆಯ ಕಾನೂನಿನಲ್ಲಿರುತ್ತದೆ, ಅದನ್ನು ಬಾಯಿಪಾಠ ಮಾಡಿ. "ಯಾರಿಗೂ ಹೇಳಲ್ಲ" ಎಂದು ಮಗುವಿಗೆ ಮಾತು ಕೊಟ್ಟು, ಆಮೇಲೆ ಹೇಳಲೇಬೇಕಾಗಿ ಬಂದರೆ, ಆ ಮಗು ಇನ್ನೊಬ್ಬ ದೊಡ್ಡವರನ್ನು ನಂಬುವುದು ಕಷ್ಟ. ಆತ್ಮಹತ್ಯೆಯ ಸುಳಿವು ಸಿಕ್ಕರೆ ನೇರವಾಗಿ ಕೇಳಿ: "ಸಾಯಬೇಕು ಅಂತ ಯೋಚನೆ ಬಂದಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಹೌದು ಎಂದರೆ ಹೇಗೆ, ಯಾವಾಗ, ಅದಕ್ಕೆ ಬೇಕಾದ್ದು ಕೈಗೆಟುಕುವಂತಿದೆಯೇ ಎಂದು ಕೇಳಿ, ಒಬ್ಬರನ್ನೇ ಬಿಡದೆ ಆಗಿಂದಾಗಲೇ ಮೇಲ್ವಿಚಾರಕರನ್ನು ಸೇರಿಸಿಕೊಳ್ಳಿ.

ಬೇರೆ ಸೇವೆಗೆ ಕಳಿಸುವಾಗ ಚೀಟಿಯಲ್ಲಿ ನಂಬರ್ ಬರೆದುಕೊಟ್ಟರೆ ಆ ಚೀಟಿ ಜೇಬಿನಲ್ಲೇ ಉಳಿದುಬಿಡುತ್ತದೆ. ಅವರ ಎದುರಿಗೇ ಫೋನ್ ಮಾಡಿ, ಯಾರನ್ನು ಕಾಣಬೇಕು, ಎಷ್ಟು ಹೊತ್ತಿಗೆ, ಯಾವ ದಾಖಲೆ ತರಬೇಕು ಎಂದು ಕೇಳಿ ಬರೆದುಕೊಡಿ, ಮಾರನೇ ದಿನ ಹೋದರಾ ಎಂದು ವಿಚಾರಿಸಿ. ಮಾತಾಡುವುದು ಮಾತ್ರ ಆದಷ್ಟು ಅವರೇ ಮಾಡಲಿ, ನೀವು ಪಕ್ಕದಲ್ಲಿರಿ. ನಿಮ್ಮ ಖಾಸಗಿ ನಂಬರ್ ಕೊಡುವುದು, ಕೈಯಿಂದ ಹಣ ಕೊಡುವುದು ಒಳ್ಳೆಯತನದಂತೆ ಕಾಣುತ್ತದೆ, ಆದರೆ ನೀವು ವರ್ಗವಾದ ದಿನ ಅವರ ಆಸರೆಯೂ ಹೋಗುತ್ತದೆ.

ಈ ಕೆಲಸ ಮಾಡುತ್ತಾ ಬರುವ ಬಳಲಿಕೆಯ (ಬರ್ನ್‌ಔಟ್) ಬಗ್ಗೆ ಒಂದು ಮಾತು. ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಗುರುತಿಸಿದ ಅದರ ಮೂರು ಲಕ್ಷಣಗಳು ಭಾವನಾತ್ಮಕ ನಿಶ್ಶಕ್ತಿ, ಜನರನ್ನು ವಸ್ತುಗಳಂತೆ ಕಾಣುವುದು, ನನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ಎರಡನೆಯದು ಮಾತಿನಲ್ಲೇ ಗೊತ್ತಾಗುತ್ತದೆ. ಹೆಸರಿನ ಬದಲು 'ಆ ಕುಡುಕನ ಕೇಸು' ಎಂದು ಬಾಯಿಗೆ ಬಂದ ದಿನ ಮೇಲ್ವಿಚಾರಕರ ಹತ್ತಿರ ಹೋಗಿ ಹೇಳಿ.

ಈಗಿನಿಂದ ಮಾಡಬಹುದಾದದ್ದು: ಮೂರರಿಂದ ಆರು ತಿಂಗಳು, ವಾರಕ್ಕೆ ನಾಲ್ಕು ಗಂಟೆ, ಒಂದೇ ಸಂಸ್ಥೆಯಲ್ಲಿ ತಪ್ಪದೆ ಸ್ವಯಂಸೇವೆ ಮಾಡಿ. ಹಣ ಸಂಗ್ರಹ, ಪೋಸ್ಟರ್ ಕೆಲಸ ಬೇಡ, ಜನರ ಜೊತೆ ಕೂರುವ ಕೆಲಸವೇ ಆಗಲಿ. ಪ್ರತಿ ಸಲ ಅರ್ಧ ಪುಟ ಬರೆಯಿರಿ, ಎಡಗಡೆ ಕಂಡದ್ದು, ಬಲಗಡೆ ಅನ್ನಿಸಿದ್ದು, ಜನರ ಹೆಸರಿಲ್ಲದೆ. ಜೊತೆಗೆ ಒಬ್ಬ ಗೆಳೆಯರನ್ನೋ ಗೆಳತಿಯನ್ನೋ ಕೂರಿಸಿಕೊಂಡು, ಒಪ್ಪಿಗೆ ಪಡೆದು, ಅವರ ಸಣ್ಣದೊಂದು ನಿಜವಾದ ಚಿಂತೆಯ ಬಗ್ಗೆ 15 ನಿಮಿಷ ಮಾತಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಕೇಳುವಾಗ ಕಾಗದದ ಮೇಲೆ ಪ್ರಶ್ನೆಗೊಂದು ಗೀಟು, ಪ್ರತಿಫಲನಕ್ಕೊಂದು ಚುಕ್ಕೆ, ಸಲಹೆಗೊಂದು ಅಡ್ಡಗೆರೆ ಹಾಕುತ್ತಾ ಹೋಗಿ. ತಿಂಗಳು ಬಿಟ್ಟು ಇನ್ನೊಮ್ಮೆ ಮಾಡಿ, ಎರಡೂ ಕಾಗದ ಪಕ್ಕಪಕ್ಕ ಇಟ್ಟು ಅಡ್ಡಗೆರೆ ಎಷ್ಟು ಕಡಿಮೆಯಾಗಿದೆ ಎಂದು ಎಣಿಸಿ.