ಹದಿನೆಂಟು ವರ್ಷ ಲಾರಿ ಓಡಿಸಿದವರೂ ತರಗತಿಯಲ್ಲಿ ಕೂರಬೇಕೇ?

ಪ್ರಶ್ನೆ: ನಾನು ಹದಿನೆಂಟು ವರ್ಷಗಳಿಂದ ಭಾರಿ ಲಾರಿ ಚಾಲಕನಾಗಿದ್ದೇನೆ. ಅದರಲ್ಲಿ ಎಂಟು ವರ್ಷ ಕೊಲ್ಲಿ ದೇಶವೊಂದರಲ್ಲಿ ಟ್ರೇಲರ್ ಓಡಿಸಿದ್ದೇನೆ, ಒಂದು ಅಪಘಾತವೂ ಆಗಿಲ್ಲ. ಈಗ ಪೋಲೆಂಡ್‌ನ ಸಾಗಣೆ ಕಂಪನಿಯೊಂದರಲ್ಲಿ ಕೆಲಸ ಸಿಗುವಂತಿದೆ. ‘ಕೋಡ್ 95’ ತರಬೇತಿ ಆಗದೆ ಗಾಡಿ ಕೊಡುವುದಿಲ್ಲ ಎಂದು ಕಂಪನಿಯವರು ಹೇಳುತ್ತಾರೆ. ಅನುಭವದ ಪತ್ರವಿದ್ದರೆ ಅದರ ಅಗತ್ಯವೇ ಇಲ್ಲ ಎಂದು ಏಜೆಂಟರು ಹೇಳುತ್ತಾರೆ. ಯಾರ ಮಾತು ನಿಜ?

ಉತ್ತರ: ಕಂಪನಿಯವರ ಮಾತು ನಿಜ. ಪೋಲೆಂಡ್ ಐರೋಪ್ಯ ಒಕ್ಕೂಟದ ಸದಸ್ಯ ದೇಶ. ಒಕ್ಕೂಟವು 2003ರಲ್ಲಿ ಹೊರಡಿಸಿ, 2022ರಲ್ಲಿ ಹೊಸದಾಗಿ ಕ್ರೋಡೀಕರಿಸಿದ ನಿರ್ದೇಶನದ ಪ್ರಕಾರ, ವೃತ್ತಿಯಾಗಿ ಲಾರಿ ಓಡಿಸುವವರ ಬಳಿ ಚಾಲನಾ ಪರವಾನಗಿಯ ಜೊತೆಗೆ ವೃತ್ತಿ ಅರ್ಹತೆಯೂ ಇರಬೇಕು. ಆ ಅರ್ಹತೆಯ ಗುರುತೇ ಕಾರ್ಡಿನ ಮೇಲೆ ಅಚ್ಚಾಗುವ 95 ಎಂಬ ಸಂಖ್ಯೆ. ಹಳೆಯ ಮಾಲೀಕರು ಬರೆದುಕೊಟ್ಟ ಅನುಭವ ಪತ್ರ ಕೆಲಸ ದೊರಕಿಸಿಕೊಡಲು ನೆರವಾಗಬಹುದು, ಆದರೆ ರಸ್ತೆಯಲ್ಲಿ ತಪಾಸಣೆಗೆ ನಿಲ್ಲಿಸಿದ ಅಧಿಕಾರಿಗೆ ಅದರಿಂದ ಏನೂ ಆಗಬೇಕಾದುದಿಲ್ಲ.

ಏಜೆಂಟರು ಹೇಳುವ ವಿನಾಯಿತಿಯ ಮೂಲ ಯಾವುದೆಂದು ಊಹಿಸಬಲ್ಲೆ. 2009ರ ಸೆಪ್ಟೆಂಬರ್ 10ಕ್ಕಿಂತ ಮೊದಲೇ ಲಾರಿಯ ಪರವಾನಗಿ ಪಡೆದವರಿಗೆ ಆರಂಭಿಕ ಅರ್ಹತೆಯಿಂದ ವಿನಾಯಿತಿ ಇದೆ. ಅದು ಆರಂಭಿಕ ಅರ್ಹತೆಗೆ ಮಾತ್ರ. ಐದು ವರ್ಷಕ್ಕೊಮ್ಮೆ ಪಡೆಯಬೇಕಾದ 35 ಗಂಟೆಗಳ ತರಬೇತಿ ಅವರಿಗೂ ತಪ್ಪಿದ್ದಲ್ಲ. ಹೊರದೇಶದಲ್ಲಿ ಪಡೆದ ಹಳೆಯ ಪರವಾನಗಿಯನ್ನು ಈ ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವವರು ಅಲ್ಲಿನ ಪರವಾನಗಿ ಅಧಿಕಾರಿಗಳೇ ಹೊರತು ಏಜೆಂಟರಲ್ಲ. ಆದ್ದರಿಂದ ಹಣ ಕೊಡುವ ಮೊದಲೇ ಕಂಪನಿಯ ಮೂಲಕ ಆ ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳಿ. ವಿನಾಯಿತಿ ಸಿಗದಿದ್ದರೆ ಆರಂಭಿಕ ತರಬೇತಿಯನ್ನೇ ಪಡೆಯಬೇಕಾಗುತ್ತದೆ. ಅದರ ಪೂರ್ಣ ರೂಪ 280 ಗಂಟೆಗಳದ್ದು, ವೇಗದ ರೂಪ 140 ಗಂಟೆಗಳದ್ದು. ಇಪ್ಪತ್ತೊಂದು ವರ್ಷ ದಾಟಿದ ನಿಮಗೆ ಭಾರಿ ಲಾರಿಗೂ ಎರಡನೆಯದೇ ಸಾಕು. ಅದರಲ್ಲಿ ಕನಿಷ್ಠ 10 ಗಂಟೆ ನೀವೇ ಗಾಡಿ ಓಡಿಸಬೇಕು, ಕೊನೆಗೆ ಪರೀಕ್ಷೆ ಬರೆಯಬೇಕು.

ಇಷ್ಟು ವರ್ಷ ಓಡಿಸಿದ ಮೇಲೂ ಕಲಿಯುವುದು ಏನಿದೆ ಎಂಬ ಬೇಸರ ನಿಮ್ಮ ಪತ್ರದಲ್ಲಿ ಕಾಣುತ್ತದೆ, ಅದು ನನಗೆ ಅರ್ಥವಾಗುತ್ತದೆ. ನಿಮ್ಮ ಚಾಲನೆಯ ಕೈಚಳಕವನ್ನು ಅಲ್ಲಿ ಯಾರೂ ಸಂಶಯಿಸುತ್ತಿಲ್ಲ. ಹಿರಿಯ ಚಾಲಕರು ಎಡವುವುದು ಸ್ಟೀರಿಂಗ್ ಹಿಡಿಯುವುದರಲ್ಲಿ ಅಲ್ಲ, ಅದರ ಹತ್ತಿರದಲ್ಲೇ ಇರುವ ಟ್ಯಾಕೋಗ್ರಾಫ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ. ನಿಮ್ಮ ಹೆಸರಿನ ಕಾರ್ಡನ್ನು ಅದರೊಳಗೆ ಹಾಕಿದ ಕ್ಷಣದಿಂದ ನೀವು ಓಡಿಸಿದ, ದುಡಿದ, ವಿಶ್ರಮಿಸಿದ ಪ್ರತಿ ನಿಮಿಷವೂ ದಾಖಲಾಗುತ್ತದೆ. ನಾಲ್ಕೂವರೆ ಗಂಟೆ ಚಾಲನೆಯಾದರೆ 45 ನಿಮಿಷ ವಿರಾಮ ಕಡ್ಡಾಯ. ಅದನ್ನು ಎರಡು ಭಾಗ ಮಾಡಬಹುದು, ಆದರೆ ಮೊದಲು 15, ನಂತರ 30 ನಿಮಿಷ ಎಂಬ ಕ್ರಮದಲ್ಲೇ; ಹಿಂದುಮುಂದಾದರೆ ವಿರಾಮವೆಂದು ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ, ಒಂದು ವಾರಕ್ಕೆ 56 ಗಂಟೆ, ಎರಡು ವಾರಕ್ಕೆ ಒಟ್ಟು 90 ಗಂಟೆ ಚಾಲನೆಗೆ ಮಿತಿ. ಇವನ್ನು ಬಾಯಿಪಾಠ ಮಾಡುವುದು ಕಷ್ಟವಲ್ಲ. ಕಷ್ಟವಿರುವುದು ಗುಂಡಿಯಲ್ಲಿ. ಗಾಡಿ ನಿಂತೊಡನೆ ಆ ಯಂತ್ರ ತಾನಾಗಿಯೇ ಎರಡು ಸುತ್ತಿಗೆಗಳ ಚಿಹ್ನೆಗೆ, ಅಂದರೆ ‘ಇತರ ಕೆಲಸ’ಕ್ಕೆ ಹೊರಳುತ್ತದೆ. ಮಂಚದ ಚಿಹ್ನೆಯ ಗುಂಡಿಯನ್ನು ನೀವೇ ಒತ್ತದಿದ್ದರೆ, ಕಣ್ತುಂಬ ನಿದ್ದೆ ಮಾಡಿ ಎದ್ದರೂ ಅಷ್ಟು ಹೊತ್ತು ದುಡಿದಿರೆಂದೇ ದಾಖಲಾಗಿರುತ್ತದೆ. ಸರಕು ಇಳಿಸುವಾಗ ಮಂಚದ ಗುರುತಿನಲ್ಲಿಟ್ಟರೆ ಅದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಅದು ಸುಳ್ಳು ದಾಖಲೆ.

ಸರಕು ಬಿಗಿಯುವ ಪಾಠವನ್ನೂ ಹಗುರವಾಗಿ ಕಾಣಬೇಡಿ. ಜೋರಾಗಿ ಬ್ರೇಕ್ ಹಾಕಿದಾಗ ಸರಕಿನ ತೂಕದ ಶೇ 80ರಷ್ಟು ಬಲ ಮುಂದಕ್ಕೆ ನೂಕುತ್ತದೆ ಎಂದೂ, ತಿರುವಿನಲ್ಲಿ ಪಕ್ಕಕ್ಕೆ ಶೇ 50ರಷ್ಟು ನೂಕುತ್ತದೆ ಎಂದೂ ಲೆಕ್ಕ ಹಿಡಿದು ಬೆಲ್ಟ್ ಬಿಗಿಯಬೇಕು. ಬೆಲ್ಟಿಗೆ ಹೊಲಿದ ಚೀಟಿಯಲ್ಲಿ ಎರಡು ಅಂಕಿಗಳಿರುತ್ತವೆ: ಒಂದು ಬೆಲ್ಟ್ ತಾಳಿಕೊಳ್ಳುವ ಎಳೆತ, ಇನ್ನೊಂದು ಕೈಯಿಂದ ಬಿಗಿದಾಗ ಉಳಿಯುವ ಬಿಗಿತ. ಮೊದಲನೆಯದು 2,500 ಇದ್ದಲ್ಲಿ ಎರಡನೆಯದು 300ರ ಆಸುಪಾಸಿನಲ್ಲಿ ಇರಬಹುದು. ಸರಕಿನ ಮೇಲಿಂದ ಹಾಯಿಸಿ ಕಟ್ಟುವಾಗ ಲೆಕ್ಕಕ್ಕೆ ಬರುವುದು ಆ ಚಿಕ್ಕ ಅಂಕಿಯೇ. ದೊಡ್ಡ ಅಂಕಿಯನ್ನು ನಂಬಿ ಎರಡೇ ಬೆಲ್ಟ್ ಹಾಕಿದವರ ಸರಕು ಕ್ಯಾಬಿನ್ನಿಗೇ ಬಂದು ಬಡಿಯಬಹುದು, ಮತ್ತು ಅಲ್ಲಿ ಕುಳಿತಿರುವವರು ನೀವು. ಈ ಪಾಠಕ್ಕಾಗಿ ನಾನು ಇಷ್ಟು ಒತ್ತಾಯಿಸಲು ಕಾರಣ ಅದೇ.

ಪ್ರಶ್ನೆ: ತರಬೇತಿ ಮುಗಿದರೆ ಅರ್ಹತೆ ನನ್ನದೇ ಆಗುತ್ತದೆಯೇ, ಅಥವಾ ಕಂಪನಿ ಬದಲಿಸಿದರೆ ಮತ್ತೆ ಮೊದಲಿನಿಂದ ಶುರುವೇ?

ಉತ್ತರ: ಅರ್ಹತೆ ನಿಮ್ಮದೇ, ಆದರೆ ಅದನ್ನು ತೋರಿಸುವ ಕಾಗದ ಯಾರ ಕೈಯಲ್ಲಿದೆ ಎಂಬುದನ್ನು ಗಮನಿಸಿ. ಒಕ್ಕೂಟದ ಹೊರಗಿನ ದೇಶಗಳ ಚಾಲಕರಿಗಾಗಿ ‘ಚಾಲಕ ದೃಢೀಕರಣ ಪತ್ರ’ ಎಂಬ ದಾಖಲೆಯಿದೆ. 95ರ ಗುರುತನ್ನು ಅದರ ಮೇಲೂ ಹಾಕುತ್ತಾರೆ. ಆದರೆ ಆ ಪತ್ರ ಕಂಪನಿಯ ಸೊತ್ತು. ನೀವು ಆ ಕಂಪನಿಯ ಗಾಡಿ ಓಡಿಸುವವರೆಗೆ ಮಾತ್ರ ನಿಮ್ಮ ಬಳಿ ಇರುತ್ತದೆ. ಆದ್ದರಿಂದ ನಿಮ್ಮದೇ ಹೆಸರಿನ ‘ಚಾಲಕ ಅರ್ಹತಾ ಕಾರ್ಡ್’ ಕೇಳಿ ಪಡೆಯಿರಿ. ಅದು ಒಕ್ಕೂಟದ ಎಲ್ಲ ದೇಶಗಳಲ್ಲೂ ಮಾನ್ಯ. ತರಬೇತಿಯ ವೆಚ್ಚ ಯಾರದು, ಅದಕ್ಕಾಗಿ ಸಂಬಳದಲ್ಲಿ ಕಡಿತವಾಗುತ್ತದೆಯೇ, ಇಷ್ಟು ಕಾಲ ಇಲ್ಲೇ ದುಡಿಯಬೇಕೆಂಬ ಷರತ್ತು ಇದೆಯೇ ಎಂಬುದು ಸಹಿ ಹಾಕುವ ಮೊದಲೇ ಒಪ್ಪಂದದಲ್ಲಿ ಬರೆದಿರಲಿ.

ಪ್ರಶ್ನೆ: 35 ಗಂಟೆಗಳನ್ನು ಒಟ್ಟಿಗೇ ಮುಗಿಸಬೇಕೇ?

ಉತ್ತರ: ಬೇಕಿಲ್ಲ. ಒಂದೊಂದು ಕಂತೂ ಕನಿಷ್ಠ 7 ಗಂಟೆಯದಾಗಿರಬೇಕು, ಅದನ್ನು ಒಂದರ ಹಿಂದೊಂದು ಬರುವ ಎರಡು ದಿನಗಳಿಗೆ ಹಂಚಬಹುದು. ಒಟ್ಟು 35ರಲ್ಲಿ 12 ಗಂಟೆಯವರೆಗೆ ಆನ್‌ಲೈನ್ ಕಲಿಕೆಗೂ ದೇಶಗಳು ಅವಕಾಶ ಕೊಡಬಹುದು. ವರ್ಷಕ್ಕೆ ಒಂದು ದಿನದಂತೆ ಮುಗಿಸುವುದು ನನ್ನ ಸಲಹೆ. ಕಾರ್ಡಿನ ಅವಧಿ ಮುಗಿಯುವ ತಿಂಗಳಲ್ಲಿ ಐದು ದಿನದ ರಜೆ ಕೇಳಿದರೆ ಯಾವ ಕಂಪನಿಯೂ ಸುಲಭವಾಗಿ ಕೊಡುವುದಿಲ್ಲ.