ಅತ್ತೆಯ ಕೈಗೆ ಕೂಸು ಕೊಡಲು ಭಯ

ಪ್ರಶ್ನೆ: ನನಗೆ 31 ವಾರಕ್ಕೇ ಹೆರಿಗೆಯಾಯಿತು. ಮಗಳು ಹುಟ್ಟಿದಾಗ 1.4 ಕೆ.ಜಿ. ಐದು ವಾರ ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿದ್ದು, 1.9 ಕೆ.ಜಿ. ಆದ ಮೇಲೆ ಮನೆಗೆ ಕಳಿಸಿದರು. ನನಗೆ ತಾಯಿ ಇಲ್ಲ, ಬಾಣಂತನ ಅತ್ತೆಯದೇ. ದಿನಾ ಎಣ್ಣೆ ತಿಕ್ಕಿ ಎರೆಯಬೇಕು, ಸಾಂಬ್ರಾಣಿ ಹೊಗೆ ಹಾಕಬೇಕು, ಬಜೆ ತೇಯ್ದು ನೆಕ್ಕಿಸಬೇಕು ಎನ್ನುತ್ತಾರೆ. ಬೇಡವೆಂದರೆ ‘ನಾಲ್ವರನ್ನು ಸಾಕಿದವಳು ನಾನು’ ಎಂದು ಅಳುತ್ತಾರೆ. ಗಂಡ ಬಾಯಿ ಬಿಡುವುದಿಲ್ಲ. ರಾತ್ರಿಯಿಡೀ ಕೂಸಿನ ಉಸಿರು ನೋಡುತ್ತ ಕೂರುತ್ತೇನೆ. ಏನು ಮಾಡಲಿ?
– ಹೆಸರು ಬೇಡ, ಹಾವೇರಿ

ಉತ್ತರ: ತಂಗಿ, ಆ ಮೂರೂ ವಿಷಯದಲ್ಲಿ ನೀವು ಗಟ್ಟಿಯಾಗಿಯೇ ಇರಿ. ಇಷ್ಟು ಸಣ್ಣ ಕೂಸಿನ ಚರ್ಮದಡಿ ಕೊಬ್ಬು ಕಡಿಮೆ, ಎರೆದರೆ ಮೈ ಬೇಗ ತಣ್ಣಗಾಗುತ್ತದೆ. ತೂಕ ಏರುವವರೆಗೆ ಬೆಚ್ಚನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊಗೆಯನ್ನು ಆ ಎಳೆ ಶ್ವಾಸಕೋಶ ತಡೆಯದು. ಬಾಯಿಗೆ ಎದೆಹಾಲು ಮತ್ತು ಡಾಕ್ಟರು ಬರೆದ ಹನಿ ಔಷಧಿ, ಅಷ್ಟೇ.

ಆದರೆ ಅತ್ತೆಗೆ ಬರೀ ‘ಬೇಡ’ ಎಂದರೆ ಅವರು ಏನು ಮಾಡಬೇಕು? ನಾಲ್ವರನ್ನು ಸಾಕಿದ ಆ ಕೈಗೆ ಕೆಲಸ ಕೊಡಿ. ಆಸ್ಪತ್ರೆಯಲ್ಲಿ ನಿಮಗೆ ಕೂಸನ್ನು ಬರಿ ಎದೆಗೆ ಒರಗಿಸಿ ಬೆಚ್ಚಗಿಡುವ ಕಾಂಗರೂ ಆರೈಕೆ ತೋರಿಸಿರಬೇಕು. ಅವರಿಗೂ ಕಲಿಸಿ. ಕೂಸಿಗೆ ಡೈಪರು, ಟೊಪ್ಪಿಗೆ, ಕಾಲುಚೀಲ ಮಾತ್ರ. ಅತ್ತೆಯ ಬರಿ ಎದೆಯ ಮೇಲೆ ನೆಟ್ಟಗೆ ಒರಗಿಸಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕತ್ತು ಮುದುಡದಂತೆ ನೋಡಿ, ಮೆತ್ತನೆ ಹಳೆ ಸೀರೆಯಿಂದ ಕಟ್ಟಿ. ಮೂಗು-ಬಾಯಿ ಸದಾ ಕಾಣುತ್ತಿರಲಿ. ಅತ್ತೆ ಒರಗಿ ಕೂರಲಿ, ನಿದ್ದೆ ಬಂದರೆ ಕೂಸನ್ನು ಬೇರೆಯವರಿಗೆ ಕೊಡಲಿ. ಅವರಿಗೆ ನೆಗಡಿ-ಕೆಮ್ಮು ಇದ್ದ ದಿನ ಬೇಡ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಕೂಸುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಸಾಲದೆ ವೈದ್ಯರು ಶುರು ಮಾಡಿದ ಪದ್ಧತಿ ಇದು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ದಿನಕ್ಕೆ 8ರಿಂದ 24 ಗಂಟೆ ಮಾಡಿ ಎನ್ನುತ್ತದೆ. ಅಷ್ಟು ಹೊತ್ತು ನೀವೊಬ್ಬರೇ ಹೇಗೆ ಮಾಡುತ್ತೀರಿ? ಹಿಂಡಿಟ್ಟ ಹಾಲನ್ನು ಒಳಲೆಯಲ್ಲಿ ಕುಡಿಸುವುದೂ ಅವರಿಗೆ ಬರುವ ಕೆಲಸವೇ. ಪ್ರತಿ ಸಲ ಒಳಲೆ ತೊಳೆದು ಕುದಿಸಬೇಕು.

ಮುಂದಿನ ಸಲ ತೂಕ ನೋಡಿಸಲು ಹೋಗುವಾಗ ಅತ್ತೆಯನ್ನೂ ಗಂಡನನ್ನೂ ಕರೆದೊಯ್ಯಿರಿ. ಎಣ್ಣೆ-ನೀರಿನ ಪ್ರಶ್ನೆಯನ್ನು ಅತ್ತೆಯೇ ಡಾಕ್ಟರಿಗೆ ಕೇಳಲಿ. ಕೂಸಿನ ಕಣ್ಣಿನ ಒಳಪರದೆಯ (ರೆಟಿನಾ) ಪರೀಕ್ಷೆಯ ದಿನವನ್ನೂ ಅಲ್ಲೇ ಖಚಿತ ಮಾಡಿಕೊಳ್ಳಿ, ಅದನ್ನು ಮುಂದೂಡಲೇಬಾರದು. ನೋಡಲು ಬರುವ ನೆಂಟರಿಗೆ ‘ಈಗ ಬೇಡ’ ಎನ್ನುವ ಕೆಲಸ ಗಂಡನದು.

ರಾತ್ರಿ ಭಯವಾದಾಗ ಕೂಸಿನ ಹೊಟ್ಟೆ, ಪಾದ ಮುಟ್ಟಿ ನೋಡಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ತಕ್ಷಣ ಎದೆಗೆ ಹಾಕಿಕೊಳ್ಳಿ. ಮೈಯೆಲ್ಲ ತಣ್ಣಗಾಗಿದ್ದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆ ಒಳಗೆ ಸೆಳೆದರೆ, ತುಟಿ ನೀಲಿಯಾದರೆ, ಹಾಲು ಕುಡಿಯುವುದನ್ನು ಬಿಟ್ಟರೆ ಬೆಳಗಾಗಲಿ ಎಂದು ಕಾಯಬೇಡಿ, ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ.

ಇನ್ನು ನಿಮ್ಮ ನಿದ್ದೆ. ಮಧ್ಯಾಹ್ನ ಕೂಸು ಅತ್ತೆಯ ಎದೆಯ ಮೇಲಿರುವಾಗ ಬೇರೆ ಕೋಣೆಯಲ್ಲಿ ಮಲಗಿಬಿಡಿ. ಹಾಗಿದ್ದೂ ನಿದ್ದೆ ಹತ್ತದೆ, ಅಳು ನಿಲ್ಲದೆ ಎರಡು ವಾರ ಕಳೆದರೆ ನಿಮ್ಮ ಡಾಕ್ಟರಿಗೆ ಹೇಳಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.