1966ರಲ್ಲಿ ರೂಪಾಯಿ ಬೆಲೆ ಇಳಿಸಿದ್ದಕ್ಕೂ ಅಮೆರಿಕದ ಗೋಧಿಗೂ ಏನು ಸಂಬಂಧ?

ಸಂಬಂಧ ಇದೆ, ಆದರೆ ಗೋಧಿಯೊಂದೇ ಕಾರಣ ಅಲ್ಲ.

1965ರಲ್ಲಿ ಮಳೆ ಕೈಕೊಟ್ಟಿತು. ಪಾಕಿಸ್ತಾನದ ಜೊತೆ ಯುದ್ಧವೂ ಆಯಿತು. ಡಾಲರ್ ಕೈಯಲ್ಲಿರಲಿಲ್ಲ. ಪಿಎಲ್-480 ಎಂಬ ಅಮೆರಿಕದ ಆಹಾರ ನೆರವಿನ ಯೋಜನೆಯಲ್ಲಿ ಗೋಧಿಗೆ ರೂಪಾಯಿಯಲ್ಲೇ ದುಡ್ಡು ಕೊಡಬಹುದಿತ್ತು, ಹಾಗಾಗಿ ನಾವು ಅದಕ್ಕೇ ಜೋತುಬಿದ್ದಿದ್ದೆವು. ಅಧ್ಯಕ್ಷ ಲಿಂಡನ್ ಜಾನ್ಸನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಗೋಧಿಯನ್ನು ಒಮ್ಮೆಗೇ ಕೊಡದೆ ಸ್ವಲ್ಪಸ್ವಲ್ಪವೇ ಬಿಡತೊಡಗಿದರು. ವಿಯೆಟ್ನಾಂನಲ್ಲಿ ಅಮೆರಿಕ ನಡೆಸುತ್ತಿದ್ದ ಯುದ್ಧವನ್ನು ದೆಹಲಿ ಟೀಕಿಸಿದಾಗ ಅವರ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಇತ್ತ ವಿಶ್ವಬ್ಯಾಂಕ್ ಮತ್ತು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬೇರೆ ಷರತ್ತು ಇಟ್ಟಿದ್ದವು: ರೂಪಾಯಿ ಬೆಲೆ ಇಳಿಸಿ, ಆಮದಿನ ಬಿಗಿ ಸಡಿಲಿಸಿ, ಆಮೇಲೆ ನೆರವು. ಗೋಧಿಯೂ ಬೇಕು, ಡಾಲರೂ ಬೇಕು ಎಂಬ ಸ್ಥಿತಿಯಲ್ಲಿ ಇಂದಿರಾ ಗಾಂಧಿ ಒಪ್ಪಿದರು. 1966ರ ಜೂನ್ 6ರಂದು ಡಾಲರ್ ಬೆಲೆ 4.76 ರೂಪಾಯಿಯಿಂದ 7.50ಕ್ಕೆ ಏರಿತು.

ಲೆಕ್ಕ ಹಾಕಿ ನೋಡಿ. 100 ಡಾಲರ್ ಚಹಾ ಮಾರಿದವನಿಗೆ ಮೊದಲು 476 ರೂಪಾಯಿ ಸಿಗುತ್ತಿತ್ತು, ಈಗ 750. ಅಂದರೆ ರಫ್ತು ಹೆಚ್ಚಬೇಕು ಅಲ್ವಾ? ಆದರೆ ಸರ್ಕಾರ ಅದೇ ಹೊತ್ತಿಗೆ ಚಹಾ, ಸೆಣಬಿನ ಮೇಲೆ ರಫ್ತು ಸುಂಕ ಹಾಕಿತು. 1966ರಲ್ಲಿ ಮತ್ತೆ ಬರ ಬಂತು. ನಿರೀಕ್ಷಿಸಿದಷ್ಟು ನೆರವೂ ಬರಲಿಲ್ಲ. ನನ್ನ ಪ್ರಕಾರ ಇಂದಿರಾಗೆ ಚುಚ್ಚಿದ್ದು ಇದೇ. ಆಮೇಲಿನ ವರ್ಷಗಳಲ್ಲಿ ಅವರು ಎಡಕ್ಕೆ ವಾಲಿದರು.

ಅಂದಹಾಗೆ, ನಮ್ಮ ಹೊಲದ ಬದುಗಳಲ್ಲಿ ತುಂಬಿರುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಈ ಗೋಧಿಯ ಜೊತೆಗೇ ಬಂತು ಅಂತ ಜನ ಈಗಲೂ ಹೇಳುತ್ತಾರೆ.